ಹೊರುವವರ ಭುಜ

ಕಪೆರ್ನೌಮಿನಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದದ್ದನ್ನು ನಾವೆಲ್ಲರೂ ಬಲ್ಲೆವು. ಹೊತ್ತವರ ಭುಜಗಳ ನೋವನ್ನು ನೆನಸುವದುಂಟೋ? ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಯನ್ನು ಬಿಟ್ಟು, ನಡೆಯಲಾರದ ಮಗನ ಬಳಿಯಲ್ಲಿ ಕೂತಿರುವ ತಾಯಿಯೂ ಹೊರುವವಳೇ. 2016ನೇ ಇಸವಿಯ ಅಂಗವಿಕಲರ ಹಕ್ಕುಗಳ ಕಾಯಿದೆಯು, ಸರಕಾರಗಳು ಏರ್ಪಡಿಸಬೇಕಾದ ನೆರವುಗಳಲ್ಲಿ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯವನ್ನೂ ಎಣಿಸಿದೆ.

ಇದು ಭಿಕ್ಷೆಯೆಂದು ಕೆಲವರು ನಾಚುವರು. ಪ್ರೀತಿಗೆ ಕ್ರಯ ಕಟ್ಟಿದಂತಾಯಿತೆಂದು ಕೆಲವರು ಅನ್ನುವರು. ಹಾಗಲ್ಲ. ಆ ಹಣವು ಪ್ರೀತಿಯ ಬೆಲೆಯಲ್ಲ, ಪ್ರೀತಿಗೋಸ್ಕರ ಬಿಟ್ಟ ಕೂಲಿಯ ಒಂದಂಶ.

ಆದರೆ ಹಣವು ರಾತ್ರಿಯಲ್ಲಿ ರೋಗಿಯ ಮಗ್ಗುಲನ್ನು ತಿರುಗಿಸದು. ಆದಕಾರಣ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ಸಭೆಯವರಾದ ನಾವು ಅರ್ಜಿ ಕೊಡಲು ಜೊತೆಯಾಗಿ ಹೋಗೋಣ; ವಾರಕ್ಕೊಂದು ದಿನ ಆ ತಾಯಿಗೆ ಬದಲಾಗಿ ಕೂತುಕೊಳ್ಳೋಣ. ಹಾಸಿಗೆಗೆ ನಾಲ್ಕು ಮೂಲೆಗಳುಂಟು, ತಾಯಿ ಒಬ್ಬಳೇ.