ದುಡಿಯದ ದಿನದ ಕೂಲಿ

ದುಡಿದ ದಿನಕ್ಕೆ ಕೂಲಿ ಕೊಡಬೇಕೆಂಬುದರಲ್ಲಿ ಯಾರಿಗೂ ವಿವಾದವಿಲ್ಲ. ದುಡಿಯದ ದಿನಕ್ಕೂ ಕೂಲಿ ಸಲ್ಲಬೇಕೆಂದೊಡನೆ, ಸ್ವಭಾವತಃ ಉದಾರಿಗಳಾದವರ ಮುಖದಲ್ಲಿಯೂ ಶಂಕೆಯ ಎಳೆಯೊಂದು ಸುಳಿದುಹೋಗುತ್ತದೆ. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ತೂಕ ಸರಿಹೋಗಬೇಕೆಂಬ ತಕ್ಕಡಿಯ ನ್ಯಾಯ ನಮ್ಮ ಅಂತಃಕರಣದಲ್ಲಿ ಎಷ್ಟು ಆಳವಾಗಿ ಬೇರುಬಿಟ್ಟಿದೆಯೆಂದರೆ, ಕಚೇರಿಯಲ್ಲಿ ಸಂಬಳಸಹಿತ ರಜೆಯನ್ನು ವರುಷವರುಷವೂ ಚಾಚೂತಪ್ಪದೆ ಅನುಭವಿಸುವ ಗೃಹಸ್ಥರೇ, ಪಾತ್ರೆ ತೊಳೆಯುವ ಹೆಂಗಸು ಜ್ವರದಿಂದ ನಾಲ್ಕು ದಿನ ಬಾರದೆ ಹೋದರೆ, ತಿಂಗಳ ಕೊನೆಯಲ್ಲಿ ಆ ನಾಲ್ಕು ದಿನಗಳನ್ನು ನೆನಪಿಟ್ಟು ಮುರಿದುಕೊಳ್ಳುತ್ತಾರೆ. ಹಾಗೆ ಮುರಿದುಕೊಳ್ಳುವಾಗ ತಾವು ನಿಷ್ಠುರರೆಂದು ಅವರಿಗೆ ಅನ್ನಿಸುವುದಿಲ್ಲ. ಲೆಕ್ಕದಲ್ಲಿ ಪ್ರಾಮಾಣಿಕರೆಂದೇ ಅನ್ನಿಸುತ್ತದೆ. ಇವರನ್ನು ದೂಷಿಸುವುದು ಸುಲಭ. ಅದಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಒಂದುಂಟು: ಕಚೇರಿಯಲ್ಲಿ ಅವರಿಗೆ ದೊರೆಯುವ ಆ ಕೂಲಿ ಯಜಮಾನನ ದಯೆಯೋ, ಮುಂದಿನ ದುಡಿಮೆಯ ಮೇಲಣ ಮುಂಗಡವೋ, ಅಥವಾ ಹಕ್ಕೋ? ಹಕ್ಕೇ ಆದರೆ ಅದರ ಮೂಲವೆಲ್ಲಿ?

ಸಾಮಾನ್ಯವಾಗಿ ಕೇಳಿಬರುವ ಸಮರ್ಥನೆ ಪ್ರಯೋಜನದ್ದು. ದಣಿವಾರಿಸಿಕೊಂಡು ಬಂದವನು ಹೆಚ್ಚು ದುಡಿಯುತ್ತಾನೆ, ಅವನ ಕೈಯಲ್ಲಿ ತಪ್ಪುಗಳು ಕಡಿಮೆಯಾಗುತ್ತವೆ, ಆದಕಾರಣ ರಜೆಗೆ ಹಾಕಿದ ಹಣ ಬಡ್ಡಿಸಹಿತ ಹಿಂದಿರುಗುತ್ತದೆ ಎಂದು ವ್ಯವಹಾರಜ್ಞರು ಹೇಳುತ್ತಾರೆ. ಇದು ಬಹುಮಟ್ಟಿಗೆ ನಿಜವೂ ಆಗಿದ್ದೀತು. ಆದರೆ ನಿಜವಾದ ಮಾತೆಲ್ಲವೂ ಸರಿಯಾದ ಆಧಾರವಾಗಲಾರದು. ಹೆಚ್ಚು ದುಡಿಯಲೆಂದು ಕೊಟ್ಟ ವಿಶ್ರಾಂತಿಯನ್ನು, ದುಡಿಮೆ ಹೆಚ್ಚಲಿಲ್ಲವೆಂದು ಕಂಡೊಡನೆ ಹಿಂತೆಗೆದುಕೊಳ್ಳಲು ಯಾವ ಅಡ್ಡಿಯೂ ಉಳಿಯುವುದಿಲ್ಲ. ದಣಿದವನ ಸ್ಥಾನಕ್ಕೆ ದಣಿಯದ ಹೊಸಬನನ್ನು ತಂದು ನಿಲ್ಲಿಸುವುದು ಅಗ್ಗವಾದ ಕಾಲದಲ್ಲಂತೂ ಆ ವಾದ ತಾನಾಗಿಯೇ ಮುರಿದುಬೀಳುತ್ತದೆ. ನಮ್ಮ ಹಲವು ಸೀಮೆಗಳಲ್ಲಿ ಸೋಮವಾರದಂದು ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲ. ಅದು ಬಸವಣ್ಣನ ವಾರ. ಆ ಬಿಡುವಿನಲ್ಲಿ ಬೇಸಾಯಗಾರನ ವಿವೇಕ ಸ್ವಲ್ಪ ಇರಬಹುದು, ಆದರೆ ಅದನ್ನು ತಲೆಮಾರುಗಳ ಉದ್ದಕ್ಕೂ ಉಳಿಸಿಕೊಂಡು ಬಂದದ್ದು ಭಕ್ತಿ. ಮುಂಗಾರಿನ ಹದ ತಪ್ಪಿಹೋಗುವ ವಾರದಲ್ಲಿಯೂ ನೊಗವನ್ನು ಕೆಳಗಿಳಿಸಿದ ರೈತ ಲಾಭನಷ್ಟದ ಪಟ್ಟಿಯನ್ನು ನೋಡಿ ಇಳಿಸಿದವನಲ್ಲ. ಅದೇ ಸೋಮವಾರ ಅದೇ ಹಟ್ಟಿಯಲ್ಲಿ ಜೀತದಾಳು ಮೇವು ಕೊಯ್ಯುತ್ತಿದ್ದ, ಬೇಲಿ ಕಟ್ಟುತ್ತಿದ್ದ, ಗೊಬ್ಬರ ಹೊರುತ್ತಿದ್ದ. ಎತ್ತಿಗೆ ದೇವರಿದ್ದ, ಆಳಿಗೆ ಧಣಿ ಮಾತ್ರವಿದ್ದ.

ಪ್ರಯೋಜನವಲ್ಲದಿದ್ದರೆ ಆಧಾರ ಯಾವುದು? ಕೂಲಿಯ ಸ್ವರೂಪವನ್ನೇ ನಾವು ತಪ್ಪಾಗಿ ಗ್ರಹಿಸಿದ್ದೇವೆಂದು ನನಗೆ ತೋರುತ್ತದೆ. ಒಂದು ದಿನದ ಮಟ್ಟಿಗೆ ಕಟ್ಟಿಗೆ ಒಡೆಯಲು ಬಂದವನಿಂದ ನಾವು ಕೊಳ್ಳುವುದು ಒಡೆದ ಕಟ್ಟಿಗೆಯನ್ನು. ವರುಷಾನುಗಟ್ಟಲೆ ಬೆಳಗಿನ ಗಂಟೆ ಹೊಡೆಯುವಷ್ಟರಲ್ಲಿ ಬಾಗಿಲಲ್ಲಿ ನಿಲ್ಲುವವನಿಂದ ಕೊಳ್ಳುವುದು ಗಂಟೆಗಳನ್ನಷ್ಟೇ ಅಲ್ಲ, ಅವನು ಬೇರೆಲ್ಲಿಯೂ ಹೋಗದೆ ನಮಗಾಗಿ ಸಿದ್ಧನಾಗಿರುವ ಸ್ಥಿತಿಯನ್ನು, ಎಂದರೆ ಅವನ ಆಯುಷ್ಯದ ಒಂದು ಭಾಗವನ್ನು. ಊರಿಗೆ ಹೋಗುವಾಗ ಬೀಗ ಹಾಕಿಕೊಂಡು ಹೋದ ಹದಿನೈದು ದಿನಗಳ ಬಾಡಿಗೆಯನ್ನು ಮನೆಯ ಮಾಲೀಕನಿಗೆ ಕೊಡಲಾರೆನೆಂದು ಯಾವ ಬಾಡಿಗೆದಾರನೂ ವಾದಿಸಲಾರ. ಆಯುಷ್ಯವೆಂದಮೇಲೆ ಅದರಲ್ಲಿ ಜ್ವರವೂ ಇದೆ, ಮಗಳ ಮದುವೆಯೂ ಇದೆ, ತಿಥಿಯೂ ಜಾತ್ರೆಯೂ ಇವೆ, ಏನನ್ನೂ ಮಾಡದೆ ಜಗಲಿಯ ಮೇಲೆ ಕುಳಿತಿರಬೇಕೆನ್ನಿಸುವ ಸಂಜೆಯೂ ಇದೆ. ಇವೆಲ್ಲವನ್ನೂ ಕತ್ತರಿಸಿ ಉಳಿದ ಶುದ್ಧ ಶ್ರಮವನ್ನು ಮಾತ್ರ ಕೊಳ್ಳುತ್ತೇನೆಂಬವನು ಇಲ್ಲದ ಪದಾರ್ಥವನ್ನು ಕೊಳ್ಳಹೊರಟಿದ್ದಾನೆ.

ಈ ಅರಿವು ಕಾಯಿದೆಗೆ ಬರಲು ಬಹುಕಾಲ ಹಿಡಿಯಿತು. ಮುಂಬಯಿಯ ಗಿರಣಿ ಕೂಲಿಗಳಿಗಾಗಿ ನಾರಾಯಣ ಮೇಘಾಜಿ ಲೋಖಂಡೆಯವರು ಹೋರಾಡಿ 1890ರಲ್ಲಿ ಭಾನುವಾರದ ಬಿಡುವನ್ನು ಗಳಿಸಿಕೊಟ್ಟರು. ಅಂದಿಗೆ ಅದು ದೊಡ್ಡ ಜಯವೇ ಸರಿ, ಆದರೂ ಕೂಲಿಯಿಲ್ಲದ ಬಿಡುವು ದಿನಗೂಲಿಯವನ ಒಲೆಗೆ ಅರ್ಧ ಉಪವಾಸವನ್ನು ಕಟ್ಟಿಕೊಂಡೇ ಬರುತ್ತದೆ. ಬಿಡುವು ಮತ್ತು ಕೂಲಿ ಒಂದುಗೂಡಬೇಕೆಂಬ ಮಾತು ಅಂತರರಾಷ್ಟ್ರೀಯ ಒಪ್ಪಂದದ ರೂಪ ತಾಳಿದ್ದು 1936ರಲ್ಲಿ. ಅದೇ ವರುಷ ಫ್ರಾನ್ಸಿನಲ್ಲಿ ಲೆಯೊನ್ ಬ್ಲುಮ್ ಅವರ ಸರ್ಕಾರ, ಕಾರ್ಖಾನೆಗಳನ್ನು ಆಕ್ರಮಿಸಿ ಕುಳಿತಿದ್ದ ಮುಷ್ಕರನಿರತರ ಒತ್ತಡದ ನಡುವೆ, ಎರಡು ವಾರಗಳ ಸಂಬಳಸಹಿತ ರಜೆಯನ್ನು ಶಾಸನ ಮಾಡಿತು. 1948ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ ನಿಯತಕಾಲಿಕವಾದ ಸಂಬಳಸಹಿತ ರಜೆಯನ್ನು ತನ್ನ 24ನೆಯ ವಿಧಿಯಲ್ಲಿ ಹೆಸರಿಸಿತು. ಅದೇ ವರುಷವೇ ನಮ್ಮ ಕಾರ್ಖಾನೆ ಕಾಯಿದೆಯೂ ನೌಕರರ ರಾಜ್ಯ ವಿಮಾ ಕಾಯಿದೆಯೂ ಹುಟ್ಟಿದವು. ನಮ್ಮ ಸಂವಿಧಾನವು 43ನೆಯ ವಿಧಿಯಲ್ಲಿ ದುಡಿಯುವವನಿಗೆ ಜೀವನವೇತನದೊಡನೆ ವಿರಾಮದ ಪೂರ್ಣ ಅನುಭೋಗವನ್ನೂ ಸೇರಿಸಿತು. ನ್ಯಾಯಾಲಯದಲ್ಲಿ ಜಾರಿಮಾಡಿಸಲಾಗದ ನಿರ್ದೇಶನವದು. ಆದರೂ ಹಸಿದ ದೇಶವೊಂದು ತನ್ನ ಮೂಲಶಾಸನವನ್ನು ಬರೆಯುವಾಗ ಅನ್ನದ ಪಕ್ಕದಲ್ಲಿಯೇ ವಿರಾಮವನ್ನೂ ಬಡಿಸಬೇಕೆಂದು ಭಾವಿಸಿದ್ದು ಸಾಮಾನ್ಯ ಸಂಗತಿಯಲ್ಲ.

ಇಷ್ಟಾಯಿತೆಂದು ಸಮಾಧಾನಪಡುವುದಕ್ಕಿಲ್ಲ. ಹಕ್ಕೆಂದು ಒಪ್ಪಿದ ಮೇಲೆ ಇನ್ನೊಂದು ತೊಡಕು ಎದುರಾಗುತ್ತದೆ, ಮತ್ತು ನನ್ನ ಮಾತಿನ ಮುಖ್ಯವಿಷಯವೂ ಅದೇ. ವಿಹಾರದ ರಜೆ ಮತ್ತು ಕಾಯಿಲೆಯ ರಜೆ ಎರಡೂ ಹಾಜರಿ ಪುಸ್ತಕದಲ್ಲಿ ಒಂದೇ ಬಗೆಯ ಖಾಲಿ ಮನೆಗಳಾಗಿ ಕಾಣಿಸುತ್ತವೆ. ಆದರೆ ಇವೆರಡರ ಹಿಂದಿರುವ ನ್ಯಾಯಗಳು ಬೇರೆ ಬೇರೆ. ಮೊದಲನೆಯದಕ್ಕೆ ಅರ್ಹತೆ ಪ್ರಮಾಣ, ಎರಡನೆಯದಕ್ಕೆ ಆಪತ್ತು ಪ್ರಮಾಣ. ಇಷ್ಟು ದಿನ ದುಡಿದವನಿಗೆ ಇಷ್ಟು ದಿನದ ಬಿಡುವು ಎಂಬ ಲೆಕ್ಕ ಗಳಿಕೆ ರಜೆಗೆ ಒಪ್ಪುತ್ತದೆ. ಕಾರ್ಖಾನೆ ಕಾಯಿದೆ ಹಾಗೆಯೇ ಹೇಳಿತು: ವರುಷದಲ್ಲಿ 240 ದಿನ ದುಡಿದವನಿಗೆ, ಪ್ರತಿ 20 ದಿನಕ್ಕೆ ಒಂದರಂತೆ, ಮರುವರುಷ ಸಂಬಳದ ರಜೆ. ಈಗ ಆ ಕಾಯಿದೆಯ ಸ್ಥಾನಕ್ಕೆ ಬಂದಿರುವ 2020ರ ಸಂಹಿತೆ 240ನ್ನು 180ಕ್ಕೆ ಇಳಿಸಿದೆ. ಇಪ್ಪತ್ತಕ್ಕೊಂದೆಂಬ ಪ್ರಮಾಣ ಹಾಗೆಯೇ ಇದೆ. ಹಳೆಯ ಕಾಯಿದೆಯಲ್ಲಿ ನನಗೆ ಬಹಳ ಮೆಚ್ಚಿಕೆಯಾದ ಒಂದು ಸಣ್ಣ ವಿಧಿಯಿತ್ತು: ನಾಲ್ಕು ದಿನಕ್ಕೆ ಕಡಿಮೆಯಿಲ್ಲದ ರಜೆ ಪಡೆದವನಿಗೆ ಆ ದಿನಗಳ ಕೂಲಿಯನ್ನು ರಜೆ ಆರಂಭವಾಗುವ ಮೊದಲೇ ಕೈಗಿಡಬೇಕು. ಬರಿಗೈಯಲ್ಲಿ ಊರಿಗೆ ಹೋಗುವವನ ಬಿಡುವು ಬಿಡುವಲ್ಲವೆಂದು ಅದನ್ನು ಬರೆದ ಅಧಿಕಾರಿಗೆ ಯಾರು ಹೇಳಿಕೊಟ್ಟಿದ್ದರೋ!

ಜ್ವರಕ್ಕಾದರೋ ಇಪ್ಪತ್ತಕ್ಕೊಂದೆಂಬ ಗಣಿತ ಗೊತ್ತಿಲ್ಲ. ಅದು ಕೆಲಸಕ್ಕೆ ಸೇರಿದ ಮೂರನೆಯ ವಾರವೇ ಬರಬಹುದು, ಇಪ್ಪತ್ತು ವರುಷ ಬಾರದೆಯೂ ಇರಬಹುದು. ಗಳಿಸಿದವನಿಗೆ ಮಾತ್ರ ಕಾಯಿಲೆಬೀಳುವ ಅಧಿಕಾರವೆಂಬ ನಿಯಮ ಕೇಳಿದೊಡನೆಯೇ ಅಸಂಗತವೆನ್ನಿಸುತ್ತದೆ. ಆದರೂ ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆಯ ಯಂತ್ರದ ಮುಂದೆ ಕುಳಿತ ಹೆಂಗಸಿನ ಮಟ್ಟಿಗೆ ಈ ಅಸಂಗತವೇ ನಿತ್ಯದ ವಸ್ತುಸ್ಥಿತಿ. ಕಾರ್ಖಾನೆ ಕಾಯಿದೆಯಲ್ಲಿ ಕಾಯಿಲೆಗೆಂದು ಪ್ರತ್ಯೇಕ ರಜೆಯೇ ಇರಲಿಲ್ಲ. ಕಾಯಿಲೆಬಿದ್ದವನು ತನ್ನ ಗಳಿಕೆ ರಜೆಯನ್ನು ಮುಂಚಿತವಾಗಿ ಅರ್ಜಿ ಕೊಡದೆಯೂ ಬಳಸಬಹುದೆಂಬ ರಿಯಾಯಿತಿಯಷ್ಟೆ ಇತ್ತು. ಕಾಯಿಲೆಯ ಭಾರವನ್ನು ಹೊರಬೇಕಾದದ್ದು ಇ.ಎಸ್.ಐ., ಎಂದರೆ ನೌಕರರ ರಾಜ್ಯ ವಿಮೆ. ಅದು ಹೊರುತ್ತದೆ, ನಿಜ: ವರುಷಕ್ಕೆ 91 ದಿನಗಳವರೆಗೆ ದಿನಗೂಲಿಯ ಸರಾಸರಿಯ ನೂರಕ್ಕೆ 70ರಷ್ಟು, ದೀರ್ಘವ್ಯಾಧಿಗಳಿಗೆ ಅದಕ್ಕಿಂತಲೂ ಹೆಚ್ಚು. ಆದರೆ ವಂತಿಗೆ ಸಲ್ಲಿಸುವ ಆರು ತಿಂಗಳ ಅವಧಿಯಲ್ಲಿ 78 ದಿನಗಳ ವಂತಿಗೆ ಸಂದಿರಬೇಕು. ಮೇಲಾಗಿ, ಹೊಸದಾಗಿ ಬಿದ್ದ ಕಾಯಿಲೆಯ ಮೊದಲ ಎರಡು ದಿನಗಳಿಗೆ ಏನೂ ಇಲ್ಲ. ಬಡವರ ಮನೆಯ ಕಾಯಿಲೆಗಳಲ್ಲಿ ಬಹುಪಾಲು ಎರಡು ದಿನದವೇ ಅಲ್ಲವೆ? ಮಗುವಿನ ವಾಂತಿಭೇದಿ, ತನ್ನ ಸೊಂಟನೋವು, ಶೀತಜ್ವರ, ಇವೊಂದಕ್ಕೂ ವಿಮೆಯ ಬಾಗಿಲು ತೆರೆಯುವುದಿಲ್ಲ. ಅವಳು ವರುಷವೆಲ್ಲ ದುಡಿದು ಕೂಡಿಟ್ಟ ಹದಿನೈದು ದಿನಗಳು ಹೀಗೆ ಒಂದೊಂದಾಗಿ ಕರಗಿ, ಊರಹಬ್ಬ ಬಂದಾಗ ಕೈ ಬರಿದಾಗಿರುತ್ತದೆ. ವಿಹಾರಕ್ಕೆಂದು ಶಾಸನ ಕೊಟ್ಟದ್ದನ್ನು ಕಾಯಿಲೆ ಉಂಡಿತು. ಕಾಯಿಲೆಗೆಂದು ಕೊಟ್ಟದ್ದು ಕಾಯಿಲೆಯ ಅಳತೆಗೆ ಹೊಂದಲಿಲ್ಲ. ಅದೇ ನಗರದ ಇನ್ನೊಂದು ಬೀದಿಯಲ್ಲಿ, ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಗೆ ಒಳಪಟ್ಟ ಕಚೇರಿಯ ಗುಮಾಸ್ತೆಗೆ, ಗಳಿಕೆ ರಜೆಯನ್ನು ಮುಟ್ಟದೆಯೇ ವರುಷಕ್ಕೆ 12 ದಿನಗಳ ಕಾಯಿಲೆ ರಜೆಯುಂಟು. ಕುಳಿತು ದುಡಿಯುವುದು ಇಬ್ಬರೂ. ಸೊಂಟ ನೋಯುವುದು ಇಬ್ಬರಿಗೂ.

ಬಡವರಿಗೆ ಅನಿವಾರ್ಯವಾಗಿ ಒದಗಿದ ಈ ಬೆರಕೆಯನ್ನೇ ಆಧುನಿಕತೆಯ ಹೆಸರಿನಲ್ಲಿ ಸ್ವೇಚ್ಛೆಯಿಂದ ಅಪ್ಪಿಕೊಳ್ಳುವ ಪದ್ಧತಿಯೊಂದು ಅಮೆರಿಕದಿಂದ ಹರಡುತ್ತಿದೆ. ಅಲ್ಲಿನ ಒಕ್ಕೂಟ ಶಾಸನ ಖಾಸಗಿ ನೌಕರನಿಗೆ ಸಂಬಳಸಹಿತ ರಜೆಯನ್ನು ವಿಹಾರಕ್ಕೂ ವಿಧಿಸಿಲ್ಲ, ಕಾಯಿಲೆಗೂ ವಿಧಿಸಿಲ್ಲ. 1993ರ ಕಾಯಿದೆ ಕೊಡಿಸುವ 12 ವಾರಗಳು ಸಂಬಳರಹಿತ. ಹೀಗೆ ಎಲ್ಲವೂ ಮಾಲೀಕನ ವಿವೇಚನೆಗೆ ಬಿಟ್ಟದ್ದಾದ್ದರಿಂದ, ಹಲವು ಕಂಪನಿಗಳು ಎರಡು ಬಗೆಯ ರಜೆಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಹೇಗಾದರೂ ಬಳಸಿಕೊಳ್ಳಿ, ನಾವು ಕಾರಣ ಕೇಳುವುದಿಲ್ಲ ಎನ್ನುತ್ತವೆ. ಕಾರಣ ಕೇಳದಿರುವುದು ಗೌರವವೆಂದು ಮೇಲುನೋಟಕ್ಕೆ ಕಾಣುವುದರಲ್ಲಿ ಸಂದೇಹವಿಲ್ಲ. ಗಟ್ಟಿಮುಟ್ಟಾದ ಯುವಕನಿಗೆ ಅದು ನಿಜವಾದ ಲಾಭವೂ ಹೌದು. ಆದರೆ ಆ ಯುವಕನ ಲಾಭ ಎಲ್ಲಿಂದ ಬಂತೆಂದು ನೋಡಿದರೆ, ಪಕ್ಕದಲ್ಲಿ ಕುಳಿತ ಮಧುಮೇಹದವನ ನಷ್ಟದಿಂದ ಬಂತು. ಒಬ್ಬನಿಗೆ ಸಮುದ್ರತೀರವಾದ ಹತ್ತು ದಿನಗಳು ಇನ್ನೊಬ್ಬನಿಗೆ ಆಸ್ಪತ್ರೆಯ ಸರದಿಯಾಗುತ್ತವೆ. ರಜೆಯನ್ನು ಉಳಿಸಬೇಕೆಂದು ಕೆಮ್ಮುತ್ತಲೇ ಕೆಲಸಕ್ಕೆ ಬರುವವರು ತಮ್ಮ ಕೆಮ್ಮನ್ನು ಹತ್ತು ಜನಕ್ಕೆ ಹಂಚುವುದು ಬೇರೆ. ಜರ್ಮನಿಯ 1963ರ ರಜಾ ಶಾಸನ ಇದಕ್ಕೆ ತೀರ ವಿರುದ್ಧವಾದ ದಾರಿ ಹಿಡಿದಿದೆ: ವಿಹಾರದ ರಜೆಯಲ್ಲಿದ್ದಾಗಲೇ ಒಬ್ಬನು ಕಾಯಿಲೆಬಿದ್ದರೆ, ವೈದ್ಯರ ಪತ್ರವಿದ್ದಲ್ಲಿ ಆ ದಿನಗಳನ್ನು ವಿಹಾರದ ಲೆಕ್ಕದಿಂದ ತೆಗೆಯಬೇಕು. ಕೇಳಿದವರು ನಗಬಹುದು. ನನಗಂತೂ ಅದು ತರ್ಕಶುದ್ಧವಾಗಿ ತೋರುತ್ತದೆ. ಹಾಸಿಗೆಯಲ್ಲಿ ನರಳಿದವನು ವಿರಾಮವನ್ನು ಅನುಭವಿಸಿದನೆಂದು ಯಾವ ಬಾಯಿಂದ ಹೇಳುವುದು?

ವೈದ್ಯರ ಪತ್ರವೆಂದೆ; ಅದರ ಕಥೆ ಬೇರೆಯೇ ಇದೆ. ಆಪತ್ತನ್ನು ಪ್ರಮಾಣವಾಗಿಟ್ಟುಕೊಂಡ ಹಕ್ಕಿಗೆ ಆಪತ್ತಿನ ಸಾಕ್ಷ್ಯ ಬೇಕಾಗುತ್ತದೆ, ಸಾಕ್ಷ್ಯ ಬೇಕಾದಲ್ಲಿ ಸಂಶಯ ಹುಟ್ಟುತ್ತದೆ, ಸಂಶಯವಿದ್ದಲ್ಲಿ ಸುಳ್ಳು ಸರ್ಟಿಫಿಕೇಟುಗಳ ಸಣ್ಣ ಉದ್ಯಮವೊಂದು ಬೀದಿಯ ಮೂಲೆಯಲ್ಲಿ ತಲೆಯೆತ್ತುತ್ತದೆ. ಸುಳ್ಳನ್ನು ನಾನು ಸಮರ್ಥಿಸುವುದಿಲ್ಲ. ಆದರೆ ತಂಗಿಯ ಮದುವೆಗೆ ರಜೆಯಿಲ್ಲವೆಂದೂ ಬೆನ್ನುನೋವಿಗೆ ಉಂಟೆಂದೂ ಹೇಳುವ ಕಚೇರಿ ಬೆನ್ನುನೋವನ್ನು ತಾನೇ ಉತ್ಪಾದಿಸುತ್ತದೆ. ಮೋಸವನ್ನು ಕಡಿಮೆ ಮಾಡಬೇಕೆನ್ನುವವರು ಎರಡು ರಜೆಗಳನ್ನೂ ಬೇರೆಬೇರೆಯಾಗಿ, ಎರಡನ್ನೂ ಸಾಕಷ್ಟಾಗಿ ಕೊಡುವುದೇ ಉಪಾಯ. ನಮ್ಮ ಸರ್ಕಾರಿ ಸೇವಾನಿಯಮಗಳ ಸಾಂದರ್ಭಿಕ ರಜೆ ಈ ವಿಷಯದಲ್ಲಿ ವಿನೋದಕರವಾದರೂ ವಿವೇಕವುಳ್ಳ ಒಂದು ಕಲ್ಪನೆ. ನಿಯಮದ ದೃಷ್ಟಿಯಲ್ಲಿ ಅದು ರಜೆಯೇ ಅಲ್ಲ, ಅದರ ಮೇಲೆ ಮನೆಯಲ್ಲಿರುವವನು ಕರ್ತವ್ಯದಲ್ಲಿಯೇ ಇದ್ದಾನೆ!

ಶ್ರಮವನ್ನು ಪೂಜೆಯೆಂದು ತಿಳಿದ ನಾಡಿನಲ್ಲಿ ಬಿಡುವಿನ ಪರ ವಾದಿಸುವುದು ವಿಪರೀತವಲ್ಲವೆ ಎಂದು ಕೆಲವರು ಆಕ್ಷೇಪಿಸುತ್ತಾರೆ, ಮತ್ತು ಶರಣರ ಕಾಯಕತತ್ತ್ವವನ್ನು ಮುಂದಿಡುತ್ತಾರೆ. ಇವರು ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಮರೆತಂತೆ ಕಾಣುತ್ತದೆ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಬೇಕಾದುದಕ್ಕಿಂತ ಮಿಗಿಲಾದುದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಅವನನ್ನು ಹಿಂದಿರುಗಿಸಿದಳೆಂದು ಪರಂಪರೆ ಹೇಳುತ್ತದೆ. ಇಷ್ಟು ಸಾಕೆಂಬ ಎಲ್ಲೆಯನ್ನು ಒಳಗೊಂಡ ದುಡಿಮೆ ಅದು. ಅದನ್ನು ರಾತ್ರಿಪಾಳಿಯ ಸಮರ್ಥನೆಗೆ ಎಳೆದುತರುವುದು ಶರಣರಿಗೆ ಮಾಡುವ ಅನ್ಯಾಯ. ಗಳಿಸಿದ ರಜೆಯನ್ನು ಬಳಸದೆ ಹಣಕ್ಕೆ ಮಾರಿಕೊಳ್ಳುವ ನಮ್ಮ ರೂಢಿಯೂ ಇದೇ ದೋಷದ ಇನ್ನೊಂದು ಮುಖ. ಸರ್ಕಾರಿ ನೌಕರ ನಿವೃತ್ತಿಯ ಹೊತ್ತಿಗೆ 300 ದಿನಗಳ ರಜೆಯನ್ನು ನಗದುಮಾಡಿಕೊಳ್ಳಬಹುದು, ಮತ್ತು ಹಾಗೆ ಮಾಡಿದವನನ್ನು ನಾವು ಜಾಣನೆನ್ನುತ್ತೇವೆ. ಜೀವಮಾನದ ಮುನ್ನೂರು ಬೆಳಗುಗಳನ್ನು ಮಕ್ಕಳು ಚಿಕ್ಕವರಿದ್ದಾಗ ಕೊಟ್ಟು, ಅವರು ದೊಡ್ಡವರಾಗಿ ಹೊರಟುಹೋದ ಮೇಲೆ ಹಣವಾಗಿ ಹಿಂಪಡೆಯುವ ವ್ಯಾಪಾರದಲ್ಲಿ ಜಾಣತನ ಎಷ್ಟಿದೆಯೋ ತಿಳಿಯದು. ಕನಿಷ್ಠ ರಜೆಯನ್ನು ಹಣಕ್ಕೆ ಬಿಟ್ಟುಕೊಡುವ ಒಪ್ಪಂದವನ್ನು ಅಸಿಂಧುವೆಂದು ಸಾರಿದ 1970ರ ಅಂತರರಾಷ್ಟ್ರೀಯ ನಿಬಂಧನೆ ಇಲ್ಲಿ ನಮ್ಮ ಲೋಕಜ್ಞಾನಕ್ಕಿಂತ ಮುಂದಿದೆ.

ಖರ್ಚನ್ನು ಯಾರು ಹೊರಬೇಕೆಂಬ ಪ್ರಶ್ನೆ ಉಳಿಯಿತು. ನಾಲ್ಕು ಆಳುಗಳನ್ನಿಟ್ಟುಕೊಂಡ ಹೋಟೆಲಿನವನಿಗೆ ಒಬ್ಬ ಆಳಿನ ಮೂರು ತಿಂಗಳ ಕಾಯಿಲೆ ದಿವಾಳಿಯ ದಾರಿಯಾದೀತು. ಅವನ ಅಂಜಿಕೆ ಕುಂಟುನೆಪವಲ್ಲ. ಆಪತ್ತನ್ನು ಒಬ್ಬೊಬ್ಬ ಮಾಲೀಕನ ತಲೆಗೆ ಕಟ್ಟದೆ ಎಲ್ಲರಿಗೂ ಹರಡಿದರೆ ಮಾತ್ರ ಅದು ಹಗುರವಾಗುತ್ತದೆಂಬ ತತ್ತ್ವವನ್ನು 1952ರ ಫೆಬ್ರವರಿಯಲ್ಲಿ ಕಾನ್ಪುರದಲ್ಲಿ ಆರಂಭವಾದ ಇ.ಎಸ್.ಐ. ಯೋಜನೆ ಆಚರಣೆಗೆ ತಂದಿತು. 2019ರಿಂದ ಈಚೆಗೆ ಮಾಲೀಕನ ಪಾಲು ಕೂಲಿಯ ನೂರಕ್ಕೆ 3.25, ಕೆಲಸಗಾರನದು 0.75. ಇದು ದೊಡ್ಡ ಹೊರೆಯಲ್ಲ. ದೋಷವಿರುವುದು ಎಲ್ಲೆಗಳಲ್ಲಿ: ಆ ಎರಡು ದಿನಗಳ ಕಾಯುವಿಕೆ, ತಿಂಗಳಿಗೆ 21,000 ರೂಪಾಯಿಗೆ 2017ರಲ್ಲಿ ನಿಂತ ವೇತನದ ಮಿತಿ, ಮತ್ತು ಮಾಲೀಕನೆಂಬ ಒಬ್ಬನನ್ನು ಬೆರಳಿಟ್ಟು ತೋರಿಸಲಾಗದ ಕೆಲಸಗಾರರ ಬಗೆಗಿನ ಮೌನ. ಐದು ಮನೆಗಳಲ್ಲಿ ಪಾತ್ರೆ ತೊಳೆಯುವವಳಿಗೆ ಐದು ಯಜಮಾನರಿದ್ದು ಒಬ್ಬನೂ ಇಲ್ಲದಂತಾಗಿದೆ; ಬೈಕಿನಲ್ಲಿ ಊಟ ತಲುಪಿಸುವ ಹುಡುಗನಿಗೆ ಯಜಮಾನನೇ ಒಂದು ಆ್ಯಪು. ಕರ್ನಾಟಕ 2025ರಲ್ಲಿ ಮಾಡಿದ ಗಿಗ್ ಕಾರ್ಮಿಕರ ಕಾಯಿದೆ, ಪ್ರತಿ ವಹಿವಾಟಿನಲ್ಲಿಯೂ ಕೆಲಸಗಾರನಿಗೆ ಸಲ್ಲುವ ಮೊತ್ತದ ಮೇಲೆ ನೂರಕ್ಕೆ 1ರಿಂದ 5ರವರೆಗೆ ಕಲ್ಯಾಣಶುಲ್ಕವನ್ನು ಕಂಪನಿಗಳಿಂದ ಸಂಗ್ರಹಿಸುವ ದಾರಿಯನ್ನು ತೆರೆದಿದೆ. ಮಳೆಯಲ್ಲಿ ನೆನೆದು ಜ್ವರ ಹಿಡಿದ ಹುಡುಗನ ದಿನಗೂಲಿ ಆ ನಿಧಿಯಿಂದ ಸಂದರೆ, ಅವನು ಯಾರ ನೌಕರನೆಂಬ ಮುಗಿಯದ ವ್ಯಾಜ್ಯ ತೀರುವವರೆಗೆ ಅವನ ಜ್ವರ ಕಾಯಬೇಕಾಗಿಲ್ಲ. ಮನೆಗೆಲಸದವಳ ಐದು ಮನೆಗಳಿಂದಲೂ ಅಂತಹದೇ ಅಲ್ಪ ವಂತಿಗೆಯನ್ನು ಕೂಡಿಸುವುದಕ್ಕೆ ತಾತ್ತ್ವಿಕವಾದ ಅಡ್ಡಿ ಯಾವುದೂ ನನಗೆ ಕಾಣದು. ನಿಯಮಗಳನ್ನು ಬರೆಯುವವರು ಹಳೆಯ ಯೋಜನೆಯಿಂದ ವಂತಿಗೆಯ ತತ್ತ್ವವನ್ನು ತೆಗೆದುಕೊಂಡು, ಮೊದಲೆರಡು ದಿನಗಳ ಸಂಶಯವನ್ನು ಅಲ್ಲಿಯೇ ಬಿಟ್ಟುಬರಲಿ.