ನೀಲಿ ಯಾರದು: ಬೆಳಕಿನ ಚದುರಿಕೆ ಮತ್ತು ಅಧ್ಯಾಸದ ಪ್ರಶ್ನೆ

ಬ್ರಹ್ಮಸೂತ್ರಭಾಷ್ಯಕ್ಕೆ ಪೀಠಿಕೆಯಾಗಿರುವ ಅಧ್ಯಾಸಭಾಷ್ಯದಲ್ಲಿ ಶಂಕರಾಚಾರ್ಯರು, ಒಂದು ವಸ್ತುವಿನ ಧರ್ಮವನ್ನು ಮತ್ತೊಂದರ ಮೇಲೆ ಹೊರಿಸುವ ಮನುಷ್ಯಬುದ್ಧಿಯ ಸಹಜ ಪ್ರವೃತ್ತಿಯನ್ನು ಅಧ್ಯಾಸವೆಂದು ಕರೆದು, ಅದನ್ನು ವಿವರಿಸುವಾಗ ಆಕಾಶವನ್ನೇ ಒಂದು ಉದಾಹರಣೆಯಾಗಿ ಎತ್ತಿಕೊಳ್ಳುತ್ತಾರೆ. ಆಕಾಶವು ಕಣ್ಣಿಗೆ ವಿಷಯವಾಗುವಂಥದ್ದಲ್ಲ. ಆದರೂ ವಿಚಾರ ಮಾಡದವರು ಅದಕ್ಕೆ ತಳವನ್ನೂ ಬಣ್ಣದ ಮಾಲಿನ್ಯವನ್ನೂ ಅಂಟಿಸಿ ನೋಡುತ್ತಾರೆ ಎಂಬುದು ಅಲ್ಲಿನ ಮಾತಿನ ಸಾರ. ಭೌತವಿಜ್ಞಾನದ ಪ್ರಕಾರ ಹಗಲಿನ ನೀಲಿಗೆ ಕಾರಣವಾಗಿರುವುದು ಗಾಳಿಯ ಅಣುಗಳು ಸೂರ್ಯನ ಬೆಳಕನ್ನು ದಿಕ್ಕು ಬದಲಿಸಿ ಹರಡುವ ಕ್ರಿಯೆ, ಅಂದರೆ ಚದುರಿಕೆ. 450 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕು 650 ನ್ಯಾನೋಮೀಟರಿನ ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದುರುತ್ತದೆ. ಹೀಗಾಗಿ ಕಣ್ಣಿಗೆ ಬೀಳುವ ನೀಲಿ ಬೆಳಕು ಸುಳ್ಳಲ್ಲ, ಅದರ ಒಡೆತನವನ್ನು ನಿರ್ಣಯಿಸಿದ್ದು ಮಾತ್ರ ತಪ್ಪು. ಕಂಡದ್ದರಲ್ಲಿ ವಸ್ತುವಿನ ಪಾಲೆಷ್ಟು, ದಾರಿಯ ಪಾಲೆಷ್ಟು ಎಂಬ ಈ ಪ್ರಶ್ನೆ ವೇದಾಂತಕ್ಕೂ ರೋಹಿತಮಾಪನಕ್ಕೂ, ಎಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯುವ ಶಾಸ್ತ್ರಕ್ಕೂ, ಸಮಾನವಾದುದು; ಎರಡರ ಉತ್ತರಗಳು ಎಲ್ಲಿಯವರೆಗೆ ಜೊತೆಯಾಗಿ ಸಾಗುತ್ತವೆ ಎಂಬುದು ವಿಚಾರಾರ್ಹ.

ಇಂಥ ತಪ್ಪು ನಿರ್ಣಯಕ್ಕೆ ಮಂಜೂ ಒಂದು ಉದಾಹರಣೆ. ಶೃಂಗೇರಿಯಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿ, ನರಸಿಂಹ ಪರ್ವತದ ಬುಡದಲ್ಲಿರುವ ಕಿಗ್ಗವು ಮಳೆಯ ದೇವರೆಂದು ಹೆಸರಾದ ಋಷ್ಯಶೃಂಗೇಶ್ವರನ ಊರು. ಮಳೆ ಬಾರದಾಗ ಬರಲಿ ಎಂದೂ ಮಿತಿಮೀರಿದಾಗ ನಿಲ್ಲಲಿ ಎಂದೂ ಹರಕೆ ಸಲ್ಲುವುದು ಇದೇ ಸನ್ನಿಧಿಯಲ್ಲಿ. ಮಳೆಗಾಲದಲ್ಲಿ ಇಲ್ಲಿ ಮಂಜು ಕವಿದು ಬೆಟ್ಟ ಮರೆಯಾದಾಗ, ಬೆಳಕನ್ನು ಮಂಜು ನುಂಗಿತೆಂದು ತೋರುವುದು ಸಹಜ. ವಾಸ್ತವದಲ್ಲಿ ಮಂಜಿನ ಹನಿಗಳು ಗೋಚರ ಬೆಳಕನ್ನು ಹೀರುವುದು ತೀರ ಅಲ್ಪ. ಹನಿಗಳ ಗಾತ್ರ ಬೆಳಕಿನ ತರಂಗಾಂತರಕ್ಕಿಂತ ಬಹಳ ದೊಡ್ಡದಾದ್ದರಿಂದ ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ, ಆದ್ದರಿಂದ ಬೆಟ್ಟವಿದ್ದಲ್ಲಿ ಬಿಳುಪು ಕಾಣುತ್ತದೆ. ಅವಿದ್ಯೆಗೆ ಇರುವುದನ್ನು ಮರೆಸುವ ಆವರಣಶಕ್ತಿ ಮತ್ತು ಇಲ್ಲದ್ದನ್ನು ತೋರಿಸುವ ವಿಕ್ಷೇಪಶಕ್ತಿ ಎಂದು ಎರಡು ಮುಖಗಳನ್ನು ಹೇಳುವ ವಿದ್ಯಾರಣ್ಯರ ಪಂಚದಶಿಯ ಓದುಗರಿಗೆ, ಒಂದೇ ಕಾರಣ ಈ ಎರಡನ್ನೂ ಮಾಡಬಲ್ಲುದೆಂಬುದಕ್ಕೆ ದೂರದ ದೃಷ್ಟಾಂತ ಬೇಕಾಗಲಾರದು.

ಅಳೆಯುವವನಿಗೆ ತೊಡಕು ಹುಟ್ಟುವುದು ಇಲ್ಲೇ. ಬೂಗೆ 1729ರಲ್ಲಿ ಕಂಡುಕೊಂಡು, ಲ್ಯಾಂಬರ್ಟ್ 1760ರಲ್ಲಿ ಗಣಿತಕ್ಕೆ ತಂದು, ಬಿಯರ್ 1852ರಲ್ಲಿ ದ್ರಾವಣಗಳಿಗೆ ವಿಸ್ತರಿಸಿದ ನಿಯಮದಂತೆ, ಬೆಳಕು ಎಷ್ಟು ಕುಂದಿತೆಂಬುದರಿಂದ ಹೀರುವ ವಸ್ತು ಎಷ್ಟಿದೆಯೆಂದು ಹೇಳಬಹುದು. ಆದರೆ ಬೆಳಕು ನೇರವಾಗಿ ಸಾಗಿತು ಮತ್ತು ಕುಂದಿದ್ದೆಲ್ಲ ಹೀರಲ್ಪಟ್ಟದ್ದೇ ಎಂಬ ನಂಬಿಕೆ ಆ ನಿಯಮದೊಳಗೆ ಅಡಗಿದೆ. ಹಾಲು, ಎಲೆ, ಚರ್ಮ, ಮಂಜು ಇವುಗಳಲ್ಲಿ ಆ ನಂಬಿಕೆ ನಿಲ್ಲುವುದಿಲ್ಲ. ಚದುರಿದ ಬೆಳಕು ಪತ್ತೆಕಾರಿಯನ್ನು ತಪ್ಪಿಸಿಕೊಂಡರೆ ಅದು ಹೀರಿಕೆಯೆಂದು ಲೆಕ್ಕಕ್ಕೆ ಸೇರುತ್ತದೆ, ಅಡ್ಡಾದಿಡ್ಡಿ ಸಾಗಿದ ಬೆಳಕಿನ ನಿಜವಾದ ದಾರಿಯಾದರೋ ಪಾತ್ರೆಯ ಅಗಲಕ್ಕಿಂತ ಎಷ್ಟೋ ಉದ್ದವಾಗಿರುತ್ತದೆ. ಕುಬೆಲ್ಕಾ ಮತ್ತು ಮುಂಕ್ 1931ರಲ್ಲಿ ಕೊಟ್ಟ ಪ್ರಸಿದ್ಧ ಸೂತ್ರವೂ ದಪ್ಪನೆಯ ಪದರದಿಂದ ಮರಳಿ ಬರುವ ಬೆಳಕನ್ನು ಅಳೆದು ಹೇಳಬಲ್ಲುದು ಹೀರಿಕೆಗೂ ಚದುರಿಕೆಗೂ ಇರುವ ಅನುಪಾತವನ್ನು ಮಾತ್ರ. ಒಂದೇ ನೆಲೆಯಿಂದ ಒಂದೇ ಸಲ ನೋಡಿ ಎರಡನ್ನೂ ಬೇರ್ಪಡಿಸಲು ಅದಕ್ಕೆ ಆಗುವುದಿಲ್ಲ.

ಒಡೆತನದ ಈ ತಕರಾರಿಗೆ ಕಡಲಿನ ನೀಲಿಗಿಂತ ಒಳ್ಳೆಯ ಇತಿಹಾಸ ಸಿಗುವುದು ಕಷ್ಟ. ಕಡಲು ನೀಲಿಯಾಗಿ ಕಾಣುವುದು ಆಕಾಶದ ಪ್ರತಿಫಲನದಿಂದ ಎಂಬುದು ಲಾರ್ಡ್ ರೇಲೀಯ ಅಭಿಪ್ರಾಯವಾಗಿತ್ತು. ದಾಸವಾಳದ ಕೆಂಪು ಪಕ್ಕದ ಸ್ಫಟಿಕದಲ್ಲಿ ಕಾಣುವಂತೆ, ಸಮೀಪದ ಉಪಾಧಿಯ ಬಣ್ಣ ವಸ್ತುವಿನದಾಗಿ ತೋರುವುದನ್ನು ವೇದಾಂತಿಗಳು ಸೋಪಾಧಿಕ ಭ್ರಮೆ ಎನ್ನುತ್ತಾರೆ. ರೇಲೀಯ ವಾದ ಕಡಲಿಗೆ ಹೇಳಿದ್ದು ಇಂಥದನ್ನೇ. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ. ವಿ. ರಾಮನ್ ನಿಕಾಲ್ ಪಟ್ಟಕವೆಂಬ, ಒಂದೇ ತಲದಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹರಳಿನ ಉಪಕರಣದಿಂದ ಮೆಡಿಟರೇನಿಯನ್ ಕಡಲನ್ನು ತಕ್ಕ ಕೋನದಲ್ಲಿ ನೋಡಿ, ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಆಕಾಶದ ಬೆಳಕನ್ನು ತಡೆದರು. ಹೂವನ್ನು ಸರಿಸಿದರೂ ಸ್ಫಟಿಕ ಕೆಂಪಾಗಿಯೇ ಉಳಿದರೆ ಆ ಕೆಂಪು ಹೂವಿನದಲ್ಲ; ಆಕಾಶವನ್ನು ಸರಿಸಿದಾಗ ಕಡಲಿನ ನೀಲಿ ಅಳಿಯುವ ಬದಲು ಮತ್ತಷ್ಟು ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಂದು 1922ರಲ್ಲಿ ಪ್ರಕಟಿಸಿದ ರಾಮನ್ನರ ವಿಚಾರಸರಣಿ 1928ರ ಫೆಬ್ರವರಿ 28ರ ರಾಮನ್ ಪರಿಣಾಮದ ತನಕ ಬೆಳೆಯಿತು.

ಆದರೆ ವಿಚಾರಣೆ ಅಲ್ಲಿಗೆ ಮುಗಿಯಲಿಲ್ಲ. ನೀರು ಕೆಂಪನ್ನು ಹೀರುವುದರಿಂದಲೂ ನೀಲಿ ಉಳಿಯುತ್ತದೆ. ಅದನ್ನು ಚದುರಿಕೆಯಿಂದ ಬಿಡಿಸಿ ಅಳೆಯುವುದೇ ಕಷ್ಟವಾಗಿತ್ತು. 1997ರಲ್ಲಿ ಪೋಪ್ ಮತ್ತು ಫ್ರೈ ಪ್ರಕಟಿಸಿದ ಅಳತೆಗಳ ಉಪಾಯ ಸೊಗಸಾದದ್ದು: ಬೆಳಕನ್ನು ಬಹುಮಟ್ಟಿಗೆ ಪೂರ್ತಿಯಾಗಿ ಎಲ್ಲ ದಿಕ್ಕಿಗೂ ಹಿಂದಿರುಗಿಸುವ ಬಿಳಿಯ ಗೋಡೆಗಳ ಕುಹರದೊಳಗೆ ನೀರನ್ನಿಟ್ಟರೆ, ಪ್ರತಿಯೊಂದು ಬಿಂದುವಿಗೂ ಬೆಳಕು ಮೊದಲೇ ಎಲ್ಲ ಕಡೆಯಿಂದಲೂ ಬರುತ್ತಿರುತ್ತದೆ, ನೀರು ಅದನ್ನು ಇನ್ನಷ್ಟು ಚದುರಿಸಿದರೆ ಹೊಸದೇನೂ ಆಗುವುದಿಲ್ಲ, ಬೆಳಕು ಕುಂದುವುದು ಹೀರಿಕೆಯಿಂದ ಮಾತ್ರ. ಉಪಾಧಿಯನ್ನು ತೆಗೆದುಹಾಕಲಾಗದಿದ್ದಲ್ಲಿ ಅದನ್ನು ಸರ್ವತ್ರ ತುಂಬಿ ನಿಷ್ಫಲಗೊಳಿಸುವ ಈ ದಾರಿಗೆ ವೇದಾಂತದ ದೃಷ್ಟಾಂತಗಳಲ್ಲಿ ನೇರ ಜೋಡಿಯಿಲ್ಲ ಎನ್ನಬೇಕು. ಈ ಅಳತೆಯಂತೆ ಶುದ್ಧ ನೀರಿನ ಹೀರಿಕೆ 418 ನ್ಯಾನೋಮೀಟರಿನಲ್ಲಿ ಅತ್ಯಂತ ಕಡಿಮೆ, ಮೀಟರಿಗೆ 0.0044ರಷ್ಟು; ಎಂದರೆ ಚದುರಿಕೆಯನ್ನು ಬದಿಗಿಟ್ಟರೆ ಆ ಬಣ್ಣದ ಬೆಳಕು 225 ಮೀಟರ್ ಸಾಗಿದ ಮೇಲೂ ಅದರ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಉಳಿದಿರುತ್ತದೆ. 700 ನ್ಯಾನೋಮೀಟರಿನ ಕೆಂಪಿಗೆ ಹೀರಿಕೆ ಅದರ ನೂರು ಪಟ್ಟನ್ನು ಮೀರುತ್ತದೆ. ಹೀಗೆ ನೀಲಿಯ ಒಡೆತನ ಆಕಾಶದಿಂದ ನೀರಿನ ಚದುರಿಕೆಗೂ, ಅಲ್ಲಿಂದ ಬಹುಪಾಲು ನೀರಿನ ಹೀರಿಕೆಗೂ ಕೈಬದಲಾಯಿಸಿತು.

ಇಷ್ಟನ್ನು ನೋಡಿ ಭಾಷ್ಯಕಾರರಿಗೆ ಬೆಳಕಿನ ಚದುರಿಕೆ ತಿಳಿದಿತ್ತೆಂದು ಹೊಗಳಲು ಹೊರಡುವುದು ಭಾಷ್ಯಕ್ಕೆ ಮಾಡುವ ಉಪಕಾರವಲ್ಲ. ಅವರು ಹೇಳುವ ಆಕಾಶ ವಾಯುಮಂಡಲವಲ್ಲ, ಶಬ್ದವನ್ನು ಗುಣವಾಗಿ ಹೊಂದಿದ ಭೂತ. ಅವರ ಆಸಕ್ತಿ ನೀಲಿ ಎಲ್ಲಿಂದ ಬಂತೆಂಬುದರಲ್ಲಿಲ್ಲ, ದೇಹದ ಸ್ಥೂಲತೆ, ಕೃಶತೆ, ಮನಸ್ಸಿನ ಸುಖದುಃಖಗಳು ಆತ್ಮಕ್ಕೆ ಹೇಗೆ ಅಂಟಿಕೊಂಡವೆಂಬುದರಲ್ಲಿದೆ.

ಹೋಲಿಕೆ ನಿಜವಾಗಿ ಬಲವಾಗಿರುವುದು ವಿಧಾನದಲ್ಲಿ. ಪಂಚದಶಿಯ ಮೊದಲ ಪ್ರಕರಣ ಅನ್ವಯವ್ಯತಿರೇಕವೆಂಬ ಕ್ರಮವನ್ನು ಅನುಸರಿಸುತ್ತದೆ: ಯಾವುದು ಇಲ್ಲದಾಗಲೂ ಯಾವುದು ಉಳಿಯುತ್ತದೆಯೋ ಅದು ಅದರಿಂದ ಬೇರೆ. ಕನಸಿನಲ್ಲಿ ಸ್ಥೂಲದೇಹ ತೋರದು, ಸುಷುಪ್ತಿಯಲ್ಲಿ ಸೂಕ್ಷ್ಮದೇಹವೂ ತೋರದು. ಎರಡಕ್ಕೂ ಸಾಕ್ಷಿಯಾದ ಆತ್ಮ ಮಾತ್ರ ತಪ್ಪುವುದಿಲ್ಲ. ಕೋವಿಡ್ ಕಾಲದಲ್ಲಿ ಮನೆಮನೆಯ ಬೆರಳಿಗೂ ಪರಿಚಯವಾದ ಪಲ್ಸ್ ಆಕ್ಸಿಮೀಟರ್ ಇದೇ ಕ್ರಮವನ್ನು ತಿರುಗಿಸಿ ಬಳಸುತ್ತದೆ. 1974ರಲ್ಲಿ ಜಪಾನಿನ ತಕುವೊ ಅಯೊಯಾಗಿ ಮುಂದಿಟ್ಟ ಅದರ ತತ್ವದಂತೆ, ಚರ್ಮ, ಮಾಂಸ, ಮೂಳೆಗಳ ಹೀರಿಕೆ ಮತ್ತು ಚದುರಿಕೆ ಕ್ಷಣದಿಂದ ಕ್ಷಣಕ್ಕೆ ಹೆಚ್ಚು ಬದಲಾಗುವುದಿಲ್ಲ, ಅಪಧಮನಿಯ ರಕ್ತ ಮಾತ್ರ ನಾಡಿಯೊಂದಿಗೆ ಏರಿಳಿಯುತ್ತದೆ. ಆದ್ದರಿಂದ ಸ್ಥಿರವಾದದ್ದನ್ನೆಲ್ಲ ಕಳೆದು, ಸಾಮಾನ್ಯವಾಗಿ 660 ಮತ್ತು 940 ನ್ಯಾನೋಮೀಟರ್‌ಗಳಲ್ಲಿ ಚಂಚಲವಾದದ್ದನ್ನು ಹೋಲಿಸಿದರೆ ರಕ್ತದ ಆಮ್ಲಜನಕದ ಮಟ್ಟ ಸಿಗುತ್ತದೆ. ವೇದಾಂತಿ ಚಂಚಲವನ್ನು ಕಳೆದು ಸ್ಥಿರವನ್ನು ಉಳಿಸಿಕೊಂಡರೆ, ಉಪಕರಣ ಸ್ಥಿರವನ್ನು ಕಳೆದು ಚಂಚಲವನ್ನು ಉಳಿಸಿಕೊಳ್ಳುತ್ತದೆ. ಅಲ್ಲಿಯೂ ಕಳೆಯುವಿಕೆ ಪೂರ್ಣವಲ್ಲ: ಕಪ್ಪು ಚರ್ಮದವರಲ್ಲಿ ಈ ಉಪಕರಣ ಆಮ್ಲಜನಕವನ್ನು ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆಂದು ಕಂಡುಬಂದಿದೆ.

ಹೀರಿಕೆಯನ್ನು ಚದುರಿಕೆಯಿಂದ ಬಿಡಿಸಿದ ಮೇಲೆ ಉಳಿಯುವುದು ವಸ್ತುವಿನ ಸ್ವರೂಪವೇ ಎಂದು ಕೇಳಿದರೆ ಅದ್ವೈತಿಯ ಉತ್ತರ ಇಲ್ಲವೆಂದೇ. ಹೀಮೋಗ್ಲೋಬಿನ್ನಿನ ಹೀರಿಕೆ ಆಮ್ಲಜನಕ ಸೇರಿದಾಗ ಒಂದು, ಬಿಟ್ಟಾಗ ಇನ್ನೊಂದು. ಹೀರಿಕೆಯೂ ಬೆಳಕಿಗೂ ದ್ರವ್ಯಕ್ಕೂ ನಡುವಿನ ಸಂಬಂಧವೇ ಹೊರತು ಯಾವುದರ ಸ್ವಂತ ಸ್ವತ್ತೂ ಅಲ್ಲ. ರೋಹಿತಮಾಪನ ಮಾಡುವುದು ದೃಶ್ಯವನ್ನು ದೃಶ್ಯದಿಂದ ಬೇರ್ಪಡಿಸುವ ಕೆಲಸ. ದೃಕ್ಕನ್ನು, ಅಂದರೆ ನೋಡುವ ಚೈತನ್ಯವನ್ನು, ದೃಶ್ಯದಿಂದ ಬೇರ್ಪಡಿಸುವುದು ಅದರ ವ್ಯಾಪ್ತಿಯಲ್ಲಿಲ್ಲ, ಮತ್ತು ಮೊದಲನೆಯದರ ಯಶಸ್ಸನ್ನು ಎರಡನೆಯದಕ್ಕೆ ಪ್ರಮಾಣವಾಗಿ ತರುವುದೂ ಸರಿಯಲ್ಲ.

ಪಂಚದಶಿಯ ಹತ್ತನೆಯ ಪ್ರಕರಣವಾದ ನಾಟಕದೀಪದಲ್ಲಿ ಈ ಭೇದ ಸ್ಪಷ್ಟವಾಗುತ್ತದೆ. ನೃತ್ಯಶಾಲೆಯ ದೀಪ ಒಡೆಯನನ್ನೂ ಸಭಿಕರನ್ನೂ ನರ್ತಕಿಯನ್ನೂ ಸಮನಾಗಿ ಬೆಳಗಿ, ಅವರು ಹೋದ ಮೇಲೂ ಬೆಳಗುತ್ತಲೇ ಇರುತ್ತದೆ. ವಿದ್ಯಾರಣ್ಯರು ಸಾಕ್ಷಿಗೆ ಕೊಡುವ ದೃಷ್ಟಾಂತವಿದು. ಪ್ರಯೋಗಾಲಯದ ದೀಪ ಅಂಥ ಸಾಕ್ಷಿಯಾಗಲಾರದು. ಅದು ಕಳುಹಿಸಿದ ಬೆಳಕಿನ ಒಂದು ಪಾಲು ವಸ್ತುವಿನಲ್ಲಿ ಕರಗಿದಾಗಲೇ ವಸ್ತುವಿನ ಸುದ್ದಿ ಸಿಗುತ್ತದೆ, ಮತ್ತು ಅದರ ಪ್ರಖರತೆ ತಾನೇ ಬದಲಾಗುವುದರಿಂದ ಅಳತೆಗೆ ಮುನ್ನ ಬಿಳಿಯ ಫಲಕವೊಂದರ ಮೇಲೆ ಅದನ್ನೇ ಅಳೆದುಕೊಳ್ಳಬೇಕು.