ಕೊಟ್ಟು ಲಾಭ ಎಣಿಸಿದರೆ ದಾಸೋಹವೇ?

“ಅಕ್ಕಾರ, ವಂಕಿ ಹಾಕಿಸ್ಕೊಂಡ್ರ ಪಾಪ ಬರ್ತದೇನ್ರಿ?” ಹಾವೇರಿ ಕಡೆಯ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿದ್ದ ನನ್ನನ್ನು ಹೆಂಗಸರು ಗರ್ಭ ತಡೆಯುವ ವಂಕಿಯ, ಅಂದರೆ ಕಾಪರ್ ಟಿಯ, ಬಗ್ಗೆ ದನಿ ತಗ್ಗಿಸಿ ಕೇಳುತ್ತಿದ್ದರು. ಇಲ್ಲ ಎಂದೇ ಹೇಳುತ್ತಿದ್ದೆ, ಇಂದೂ ಹೇಳುತ್ತೇನೆ. ಹಡೆದು ಹಡೆದು ರಕ್ತವಿಲ್ಲದೆ ಬಿಳಿಚಿಕೊಂಡವಳು ತನ್ನ ಜೀವ ಉಳಿಸಿಕೊಂಡರೆ ಯಾವ ದೇವರೂ ಮುನಿಯಲಾರ. ಆದರೆ ಪಾಪಪುಣ್ಯದ ಪ್ರಶ್ನೆಯನ್ನು ಅವಳೊಬ್ಬಳಿಗೇ ಏಕೆ ಬಿಡಬೇಕು? ವಂಕಿಯ ಖರ್ಚು ಕೊಡುವ ಖಜಾನೆಯನ್ನೂ ಕೇಳಬೇಕು: ನೀನು ಕೊಡುತ್ತಿರುವುದು ಯಾವ ಮನಸ್ಸಿನಿಂದ?

ಖರ್ಚು ಸರ್ಕಾರದ್ದೇ ಆಗಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಮೈಸೂರು ಸಂಸ್ಥಾನ 1930ರಲ್ಲೇ ಸಂತಾನ ನಿಯಂತ್ರಣ ಕ್ಲಿನಿಕ್ಕಿಗೆ ಕೈ ಹಾಕಿತ್ತು. 1952ರಲ್ಲಿ ದೇಶಕ್ಕೇ ಕುಟುಂಬ ಯೋಜನೆ ಬಂತು. ಉಳಿತಾಯದ ಲೆಕ್ಕವೂ ಸುಳ್ಳಲ್ಲ: ಒಮ್ಮೆ ಹಾಕಿದ ಕಾಪರ್ ಟಿ 380ಎ ಹತ್ತು ವರ್ಷ ಕೆಲಸ ಮಾಡುತ್ತದೆ; ಒಂದು ಕಷ್ಟದ ಹೆರಿಗೆಯ ವೆಚ್ಚದೆದುರು ಅದರ ಬೆಲೆ ಏನೂ ಅಲ್ಲ.

ಆದರೆ ಉಳಿತಾಯವೇ ಗುರಿಯಾದರೆ ಮನುಷ್ಯರು ಅಂಕಿಗಳಾಗುತ್ತಾರೆ. ತುರ್ತು ಪರಿಸ್ಥಿತಿಯ ಕಾಲದ 1976-77ರ ಒಂದೇ ವರ್ಷ ಎಂಬತ್ತು ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್ ಆದವು, ಹೆಚ್ಚಿನವು ಗಂಡಸರಿಗೆ. ಆ ಬಲವಂತಕ್ಕೆ ಜನರಲ್ಲಿ ಎದ್ದ ಸಿಟ್ಟಿನ ನಂತರ ಭಾರವೆಲ್ಲ ಹೆಣ್ಣಿನ ಹೊಟ್ಟೆಗೆ ಬಂತು. 1996ರ ಏಪ್ರಿಲ್‌ನಲ್ಲಿ ಸರ್ಕಾರ ಆಪರೇಷನ್ನಿನ ಟಾರ್ಗೆಟ್ ತೆಗೆಯುವವರೆಗೆ ನಮ್ಮ ಬಾಯಲ್ಲಿ ಹೆಣ್ಣುಮಗಳ ಹೆಸರು ‘ಕೇಸು’. ಮಾರ್ಚ್ ಬಂದರೆ, ಎಷ್ಟು ಕೇಸಾಯಿತು ಎಂಬುದೇ ಮೀಟಿಂಗಿನ ಮಾತು.

ಹಣದ ನಿಜಗುಣ ಇನ್ನೊಂದು ಕಡೆ ಕಾಣುತ್ತದೆ. 2007ರಲ್ಲಿ ಕೇಂದ್ರ ನಿಗದಿಪಡಿಸಿದ ಪರಿಹಾರ, ಆಪರೇಷನ್ ಮಾಡಿಸಿಕೊಂಡ ಗಂಡಸಿಗೆ 1,100 ರೂಪಾಯಿ. ಬಡ ಹೆಂಗಸಿಗೆ 600. ಗಂಡಸಿನದು ಹೊಟ್ಟೆ ಕೊಯ್ಯದ, ಸುಲಭದ ಚಿಕಿತ್ಸೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಣ್ಣಿನ ಆಪರೇಷನ್ ನೆಚ್ಚಿಕೊಂಡ ದಂಪತಿಗಳು ಶೇ. 37.9, ಗಂಡಿನದು ಶೇ. 0.3. ಹೆಚ್ಚಿನ ಹಣವೂ ಗಂಡಸನ್ನು ಕದಲಿಸಲಿಲ್ಲ, ಏಕೆಂದರೆ ಅವನಿಗೆ ‘ಒಲ್ಲೆ’ ಎನ್ನುವ ಅಧಿಕಾರವಿದೆ. ಸುಗ್ಗಿ ಮುಗಿದು ಕೂಲಿಯಿಲ್ಲದ ದಿನಗಳಲ್ಲಿ ಆರುನೂರು ರೂಪಾಯಿ ಯಾರ ಮನಸ್ಸನ್ನು ಎಳೆಯುತ್ತದೆಂಬುದನ್ನು ನಾನು ಮನೆಮನೆಯಲ್ಲಿ ನೋಡಿದ್ದೇನೆ.

2005ರಲ್ಲಿ ಆಪರೇಷನ್ನಿಗೆ ವಿಮೆಯೂ ಬಂತು. ಒಳ್ಳೆಯದೇ. ಆದರೆ 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸ್‌ಪುರದ ಕ್ಯಾಂಪುಗಳ ನಂತರ ಹದಿಮೂರು ಹೆಂಗಸರು ಸತ್ತಾಗ, ತಾಯಿಯಿಲ್ಲದ ಮಕ್ಕಳಿಗೆ ಯಾವ ವಿಮೆ ಏನು ತುಂಬಿಕೊಟ್ಟೀತು? 2016ರಲ್ಲಿ ಸುಪ್ರೀಂ ಕೋರ್ಟು, ಮೂರು ವರ್ಷದೊಳಗೆ ಕ್ಯಾಂಪುಗಳನ್ನೇ ನಿಲ್ಲಿಸಿ ಎಂದಿತು.

ಗಾಂಧೀಜಿಯಂತೂ ಗರ್ಭನಿರೋಧಕ ಸಾಧನಗಳನ್ನೇ ಒಪ್ಪಲಿಲ್ಲ. ಸಂಯಮವೇ ದಾರಿ ಎಂದರು. ಅವರ ಮೇಲೆ ನನಗೆ ಗೌರವವಿದೆ. ಆದರೆ ಕುಡಿದು ಬಂದ ಗಂಡನ ಸಂಯಮ ಹೆಂಡತಿಯ ಕೈಯಲ್ಲಿರುವುದಿಲ್ಲ. ಅವಳ ಕೈಗೆ ಸಿಗುವುದು ಮಾಲಾ-ಎನ್ ಗುಳಿಗೆ, ಅಂತರಾ ಇಂಜೆಕ್ಷನ್, ವಂಕಿ. ಅವನ್ನು ಕೊಡುವುದು ಧರ್ಮ.

ಶರಣರ ನಾಡಿನವಳು ನಾನು. ದಾಸೋಹದಲ್ಲಿ ಉಣಬಡಿಸಿದವರು ಉಂಡವರಿಂದ ಲಾಭ ಎಣಿಸುವುದಿಲ್ಲ. ಸರ್ಕಾರವೂ ಹಾಗೆ ಕೊಡಲಿ. ಎಲ್ಲ ವಿಧಾನದ ಪೂರ್ತಿ ಖರ್ಚು ಹೊರಲಿ, ಯಾವುದೊಂದಕ್ಕೂ ಆಮಿಷ ಒಡ್ಡದಿರಲಿ. ವಂಕಿ ಹಾಕಿಸಿಕೊಳ್ಳಲು ಬಂದವಳಷ್ಟೇ ಆದರದಿಂದ, ತೆಗೆಸಿಕೊಳ್ಳಲು ಬಂದವಳನ್ನೂ ಕಾಣಲಿ. ಇಬ್ಬರಿಗೂ ಆ ದಿನದ ಕೂಲಿ ತುಂಬಿಕೊಡಲಿ.